ಗೌರಿ ಎತ್ತಿದ ಸೊಲ್ಲು

ಹೋದ ವಾರ ಚಳಿ ಬಿತ್ತೆಂದು ಟ್ರಂಕಿನಿಂದ ಕೌದಿ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಬೆವರಿನದು, ನನ್ನದೇ. ಒಗೆಯದೆ ಮಡಚಿ ಇಟ್ಟುಬಿಟ್ಟಿದ್ದೆ. ನೆನಪಿಗೆಂದು ಇಟ್ಟದ್ದಲ್ಲ, ಮೈಗಳ್ಳತನ.

ಆ ಬೆವರು ಎರಡು ವರ್ಷದ ಹಿಂದಿನ ಮಳೆಗಾಲದ್ದು. ಫ್ಯಾನು ಬಂದ್ ಮಾಡಿ, ತಲೆಯ ಮೇಲಿಂದ ಕೌದಿ ಹೊದ್ದು, ಭಾದ್ರಪದದ ಧಗೆಯಲ್ಲಿ ಕೂತು ಹಾಡಿದ್ದೆ. ಯಾರಾದರೂ ನೋಡಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನಬೇಕು. ನನ್ನ ಮಗ ಮಲ್ಲು ನೋಡಿದ, ಅಂದೂ ಬಿಟ್ಟ.

ನಾವು ಇರುವುದು ವಡೋದರಾದ ಗೋರ್ವಾದಲ್ಲಿ. ಮೂಲ ಊರು ರೋಣದ ಕಡೆ. ಅಣ್ಣತಮ್ಮಂದಿರಿಬ್ಬರು ಹೊಟ್ಟೆಪಾಡಿಗೆ ಗುಜರಾತಿಗೆ ಬಂದರು. ಅಣ್ಣನನ್ನು ಕಟ್ಟಿಕೊಂಡವಳು ನಾನು, ತಮ್ಮನನ್ನು ಕಟ್ಟಿಕೊಂಡವಳು ಗೌರಿ. ಒಂದೇ ಹಂದರದಲ್ಲಿ ಎರಡೂ ಮದುವೆ ಆದವು. ನನ್ನ ಗಂಡ ಮಕರಪುರದ ಕಾರ್ಖಾನೆಯೊಂದರಲ್ಲಿ ಲೇತು ನಡೆಸಿದ. ಅವಳ ಗಂಡ ಸೂರತ್ತಿನಲ್ಲಿ ಸೀರೆಗೆ ಬಣ್ಣ ಹಾಕುವ ಮಿಲ್ಲಿಗೆ ಹೋದ. ಇಬ್ಬರೂ ಸತ್ತರು. ನೆಗೆಣ್ಣಿಯರು ಉಳಿದೆವು, ಒಬ್ಬಳು ಈ ಊರಲ್ಲಿ, ಒಬ್ಬಳು ಆ ಊರಲ್ಲಿ.

ನಮಗೆ ಬೀಸುವ ಹಾಡು ಬರುತ್ತಿತ್ತು. ಇಲ್ಲಿನ ಕನ್ನಡದವರ ಮನೆಯಲ್ಲಿ ಮದುವೆ ಎಂದರೆ ಅರಿಷಿಣ ಬೀಸುವ ಶಾಸ್ತ್ರಕ್ಕೆ ನಮ್ಮಿಬ್ಬರನ್ನು ಕರೆಸುತ್ತಿದ್ದರು. ಬ್ಯಾಂಕಿನವರು, ರೈಲ್ವೆಯವರು ಕರೆಯುತ್ತಿದ್ದರು, ಅಹಮದಾಬಾದಿನಿಂದಲೂ ಕರೆ ಬರುತ್ತಿತ್ತು. ಬೀಸುವ ಕಲ್ಲಿಗೆ ಎದುರು ಬದುರು ಕೂತು ಹಾಡುವುದು. ಒಬ್ಬಳು ಸೊಲ್ಲು ಎತ್ತಬೇಕು, ಅಂದರೆ ಮೂರು ಸಾಲನ್ನು ಮೊದಲು ಹೇಳಬೇಕು. ಅವಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಕೊನೆಯ ಸಾಲನ್ನು ಹಿಡಿದು ಮತ್ತೆ ಹೇಳಬೇಕು. ಹಿಡಿಯುವವಳು ಒಂದಕ್ಷರ ಬದಲಿಸುವ ಹಾಗಿಲ್ಲ. ಎತ್ತುವವಳು ಅವಳಿಗೆ ಜಾಗ ಬಿಡದೆ ಮುಂದೆ ಹೋಗುವ ಹಾಗಿಲ್ಲ. ಇಷ್ಟೇ ಕಟ್ಟಳೆ. ನಲವತ್ತು ವರ್ಷ ಎತ್ತಿದವಳು ನಾನು, ಹಿಡಿದವಳು ಗೌರಿ. ಹಾಗೆ ಯಾರು ಗೊತ್ತು ಮಾಡಿದರು ಎಂದು ಕೇಳಬೇಡಿ. ನಾನು ಹಿರಿಯಳು, ನನ್ನ ಗಂಟಲು ದೊಡ್ಡದು.

ಅವಳ ಕಿರಿಯ ಮಗನ ಮದುವೆಯಲ್ಲಿ ಕೆಟ್ಟಿತು. ಸೂರತ್ತಿನ ಅವಳ ಮನೆಯಲ್ಲೇ. ಬೀಗರು ಸಾಲಾಗಿ ಕೂತಿದ್ದಾರೆ, ನಾವು ಅರಿಷಿಣ ಬೀಸುತ್ತಿದ್ದೇವೆ. ಆ ದಿನ ಗೌರಿಯ ದನಿ ಒಡೆಯುತ್ತಿತ್ತು. ಹಿಡಿದ ಸಾಲನ್ನು ಅರ್ಧಕ್ಕೆ ಬಿಡುತ್ತಿದ್ದಳು. ಮೂರು ಸಲ ತಡೆದುಕೊಂಡೆ. ನಾಲ್ಕನೇ ಸಲ ಕಲ್ಲು ನಿಲ್ಲಿಸಿ ಅಂದೆ: "ನಿನ್ನ ಗಂಟಲ ಹರಿದ ಜರಡಿ ಆಗೇತಿ. ಸುಮ್ಮನ ಕುಂದರ, ನಾ ಒಬ್ಬಾಕೀನ ಹಾಡ್ತೀನಿ."

ಮಂದಿ ನಕ್ಕರು. ಹೊಸ ಸೊಸೆ ಶೈಲಾಳ ತವರಿನವರೂ ನಕ್ಕರು. ಗೌರಿ ಕಲ್ಲಿನ ಗೂಟ ಬಿಟ್ಟು ಎದ್ದು ಒಳಗೆ ಹೋದಳು. ನಾನು ಒಬ್ಬಳೇ ಹಾಡಿ ಮುಗಿಸಿದೆ. ಚೆನ್ನಾಗಿಯೇ ಹಾಡಿದೆ. ಅಂದಿನಿಂದ ಅವಳು ನನ್ನ ಸಂಗಡ ಮಾತು ಬಿಟ್ಟಳು. ನಾನೂ ಬಿಟ್ಟೆ. ಇಲ್ಲದ್ದನ್ನೇನು ಹೇಳಿದ್ದೆ? ದನಿ ಒಡೆದದ್ದು ನಿಜ ತಾನೆ?

ಎರಡು ವರ್ಷ ಹಾಗೇ ಹೋಯಿತು. ದನಿ ಯಾಕೆ ಒಡೆದಿತ್ತು ಎಂಬುದು ಆ ಮಳೆಗಾಲದಲ್ಲಿ ಗೊತ್ತಾಯಿತು. ಮಲ್ಲು ಕೆಲಸದಿಂದ ಬಂದವನು ಬೂಟು ಬಿಚ್ಚುತ್ತಾ ಹೇಳಿದ: "ಅವ್ವಾ, ಗೌರಿ ಚಿಗವ್ವಗ ಗಂಟಲದಾಗ ಗಂಟ ಆಗೇತಂತ. ನವರಾತ್ರ್ಯಾಗ ಆಪರೇಷನ್ನು. ಆಮ್ಯಾಲೆ ದನಿ ಉಳಿಯೂದಿಲ್ಲ ಅಂತ ಡಾಕ್ಟರು ಹೇಳ್ಯಾರ."

ಫೋನು ಹಚ್ಚಿಸಿದೆ. ಶೈಲಾ ಎತ್ತಿದಳು. "ಅತ್ತಿ ಜಳಕಕ್ಕ ಹೋಗ್ಯಾರ್ರಿ." ಸಂಜೆ ಹಚ್ಚಿಸಿದೆ, ಜಳಕ. ಮರುದಿನ ಮಧ್ಯಾಹ್ನ ಹಚ್ಚಿಸಿದೆ, ಜಳಕ. ಗೌರಿ ಜನ್ಮದಲ್ಲಿ ಅಷ್ಟು ಜಳಕ ಮಾಡಿದವಳಲ್ಲ.

ಹೋಗಬಹುದಿತ್ತು. ರೈಲಿಗೆ ಎರಡು ತಾಸು. ಹೋಗಿ ಬಾಗಿಲಲ್ಲಿ ನಿಂತು ಏನು ಹೇಳಬೇಕು? ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಎಂದೂ ಬಂದದ್ದಿಲ್ಲ. ಗಂಡನಿಗೇ ಹೇಳಿಲ್ಲ. ಆದರೆ ಅವಳ ದನಿ ಹೋಗುವ ಮೊದಲು ಒಮ್ಮೆ ಅವಳ ಜೊತೆ ಹಾಡಬೇಕು ಎನ್ನುವುದು ತಲೆಯಲ್ಲಿ ಹೊಕ್ಕು ಕೂತಿತು. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಅದು ತೆಗೆದರೂ ಹೋಗಲಿಲ್ಲ.

ಆ ದಿನಗಳಲ್ಲೇ ನಮ್ಮ ಮಾಳಿಗೆಯ ಮೇಲಿನ ಕೋಣೆಗೆ ಸೌಮ್ಯಾ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಮಂಡ್ಯದವಳು, ಮಕರಪುರದಲ್ಲಿ ಇಂಜಿನಿಯರು. ಅವಳ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಕಾಲು ಭಾಗ. ರವಿವಾರ ಬಂತೆಂದರೆ ಬೆಳಗಿನಿಂದ ಮೇಲಿನಿಂದ ದಪ್ ದಪ್, ದಪ್ ದಪ್, ಒಂದೇ ಸದ್ದು. ಒಂದು ದಿನ ಬೈಯಲೆಂದೇ ಮೆಟ್ಟಿಲು ಹತ್ತಿದೆ. ಕಂಪ್ಯೂಟರಿನ ಮುಂದೆ ಕೂತಿದ್ದಳು. ಹತ್ತಿರ ಹೋದಾಗ ಸದ್ದಿನ ಗುರುತು ಹತ್ತಿತು.

"ಏನವಾ, ಇದು ನನ್ನ ರೊಟ್ಟಿ ಅಲ್ಲೇನು?"

ಅವಳ ಮೋರೆ ಕೆಂಪಾಯಿತು. "ಹೂಂ ಅಜ್ಜಿ. ನೀವು ಕೆಳಗಡೆ ತಟ್ತಿದ್ರಲ್ಲ, ಮೆಟ್ಲಲ್ಲಿ ನಿಂತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಬೀಟು ಸಖತ್ತಾಗಿದೆ."

"ಕೇಳದ ತಗೊಂಡ್ರ ಅದಕ್ಕ ಕಳವು ಅಂತಾರ."

"ರೊಟ್ಟಿ ನಿಮ್ಮ ಹತ್ರಾನೇ ಇದ್ಯಲ್ಲಜ್ಜಿ. ಸದ್ದು ಮಾತ್ರ ತಗೊಂಡಿದ್ದು."

ಹುಡುಗಿಗೆ ಬಾಯಿ ಇದೆ, ಅಡ್ಡಿ ಇಲ್ಲ ಅನಿಸಿತು. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಿದ್ದವು, ಒಗೆದ ಸೀರೆ ಸಾಲಾಗಿ ಒಣಹಾಕಿದ ಹಾಗೆ. ಒಂದೊಂದು ಪಟ್ಟಿ ಒಂದೊಂದು ಸದ್ದು. ನನ್ನ ರೊಟ್ಟಿಯದು ಹಳದಿ ಪಟ್ಟಿ.

"ಈ ನೀಲಿ ಪಟ್ಟಿ ಯಾರದು?"

"ನನ್ ಫ್ರೆಂಡ್‌ದು. ಅಹಮದಾಬಾದಲ್ಲಿ ನವರಂಗಪುರದಲ್ಲಿ ಇದಾಳೆ. ಅಲ್ಲಿಂದ್ಲೇ ಗಿಟಾರ್ ಹಾಕ್ತಾಳೆ. ಇದು ಬ್ರೌಸರಲ್ಲೇ ತೆಗೆಯೋದಜ್ಜಿ, ಪೇಪರ್ ಓದೋಕೆ ಪೇಜ್ ತೆಗಿತೀವಲ್ಲ, ಹಂಗೆ. ಲಿಂಕ್ ಕಳ್ಸಿದ್ರೆ ಸಾಕು, ಯಾರ್ ಬೇಕಾದ್ರೂ ಎಲ್ಲಿಂದ ಬೇಕಾದ್ರೂ ಇದೇ ಹಾಡೊಳಗೆ ಬಂದು ತಮ್ಮ ಪಟ್ಟಿ ಸೇರಿಸ್ಬೋದು."

"ಎದುರಾ ಬದುರಾ ಕುಂದರೂದು ಬ್ಯಾಡ?"

"ಬೇಡ."

"ಒಬ್ಬರ ಮಾರಿ ಒಬ್ಬರು ನೋಡೂದು ಬ್ಯಾಡ?"

"ಬೇಡಜ್ಜಿ."

"ಸೂರತ್ತಿನಿಂದಾನೂ ಬರ್ತೈತೇನು?"

"ಅಮೆರಿಕಾದಿಂದ್ಲೂ ಬರತ್ತೆ."

"ಅಮೆರಿಕಾ ತಗೊಂಡು ಏನ್ ಮಾಡ್ಲಿ. ಸೂರತ್ ಸಾಕು."

ಹಾಗೆ ಒಪ್ಪಂದವಾಯಿತು. ನನ್ನ ರೊಟ್ಟಿ ಅವಳು ಇಟ್ಟುಕೊಳ್ಳಬೇಕು, ನನ್ನ ಹಾಡನ್ನು ನನ್ನ ನೆಗೆಣ್ಣಿಗೆ ಕಳಿಸಬೇಕು, ಅವಳೂ ಹಾಡುವ ಹಾಗೆ. ಜಗಳದ ಸುದ್ದಿ ಹೇಳಲಿಲ್ಲ. ಯಾಕೆ ಹೇಳಬೇಕು?

ಮುಂದಿನ ರವಿವಾರ ಹಾಡಲು ಕೂತೆ. ದನಿ ಗೋಡೆಗೆ ಬಡಿದು ವಾಪಸು ಬರುತ್ತದಂತೆ, ದಪ್ಪನೆಯದು ಏನಾದರೂ ಹೊದ್ದುಕೊಳ್ಳಿ ಎಂದಳು. ಕೌದಿ ತಂದೆ. ಕಿಟಕಿ ಮುಚ್ಚಿದಳು. ಹೊರಗೆ ಮಳೆ ನಿಂತು ನೆಲದಿಂದ ಹಬೆ ಏಳುತ್ತಿತ್ತು. ಕೌದಿಯ ಒಳಗೆ ನಾನು, ಮೈಕು ಮತ್ತು ಕತ್ತಲೆ. ಕಿವಿಗೆ ಹಾಕಿದ ಯಂತ್ರದಲ್ಲಿ ಟಕ್ ಟಕ್ ಎಂದು ಏನೋ ಬಡಿಯುತ್ತಿತ್ತು.

"ಈ ಗಡಿಯಾರ ತಗಿ," ಎಂದೆ.

"ತಾಳ ತಪ್ಪತ್ತಜ್ಜಿ."

"ಕಲ್ಲು ತಿರುಗಿದ್ದ ತಾಳ. ತಗಿ."

ಕಲ್ಲು ಎಲ್ಲಿಂದ ಬರಬೇಕು. ಬಲಗೈಯನ್ನು ತೊಡೆಯ ಮುಂದೆ ತಿರುಗಿಸುತ್ತಾ ಎತ್ತಿದೆ:

ಕೂಡಿ ಬೀಸಿದ ಹಿಟ್ಟು ಮಾಡಿದ ರೊಟ್ಟಿ ರುಚಿ
ಕೂಡಿ ಹಾಡಿದರ ದಣಿವಿಲ್ಲ | ನೆಗೆಣ್ಣಿ
ಜೋಡಿ ತಪ್ಪಿದರ ಕಲ್ಲು ಭಾರ

ಅಷ್ಟಕ್ಕೆ ನಿಂತೆ. ಗೌರಿ ಕೊನೆಯ ಸಾಲು ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು ಎರಡನೆಯದನ್ನು ಎತ್ತಿದೆ. ಮತ್ತೆ ನಿಂತೆ. ನಾಲ್ಕು ಹಾಡು ಹೇಳಿದೆ, ನಾಲ್ಕು ಸಲ ಜಾಗ ಬಿಟ್ಟೆ. ಕೌದಿಯಿಂದ ಹೊರಗೆ ಬಂದಾಗ ಕುಪ್ಪಸ ಹಿಂಡುವಷ್ಟು ಒದ್ದೆ. ಸೌಮ್ಯಾ ಸಂಜೆ ಅದನ್ನು ಸರಿಪಡಿಸಿ ಶೈಲಾಳ ಫೋನಿಗೆ ಲಿಂಕು ಕಳಿಸಿದಳು.

ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಶೈಲಾ ಸಣ್ಣ ದನಿಯಲ್ಲಿ ಫೋನು ಮಾಡಿದಳು. "ದೊಡ್ಡತ್ತಿ, ಅತ್ತಿ ಕೇಳಿದ್ರು. ಪೂರಾ ಕೇಳಿದ್ರು."

"ಏನಂದ್ಲು?"

"ಬ್ಯಾಡ ಬಿಡ್ರಿ."

"ಹೇಳ ನೀ."

"'ಇಲ್ಲೂ ಒಬ್ಬಾಕೀನ ಹಾಡ್ಯಾಳ. ನನಗ ಕಾಲಿಡಾಕೂ ಜಾಗಾ ಇಟ್ಟಿಲ್ಲ. ಏನ್ ತೋರ್ಸಾಕ ಕಳಿಸ್ಯಾಳ?' ಅಂದ್ರ್ರಿ."

ಮೆಟ್ಟಿಲು ಹತ್ತಿ ಹೋಗಿ ಸೌಮ್ಯಾಳಿಗೆ ಆ ಹಾಡು ಹಚ್ಚು ಎಂದೆ. ಹಚ್ಚಿದಳು. ನನ್ನ ದನಿ ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಕಟ್ಟಿಕೊಂಡು ಗೂಡ್ಸ್ ಗಾಡಿಯ ಹಾಗೆ ಓಡುತ್ತಿತ್ತು. ಎಲ್ಲಿಯೂ ನಿಲ್ಲಲಿಲ್ಲ.

"ನಡುವಿನ ಜಾಗಾ ಎಲ್ಲಿ ಹೋತು?"

"ಯಾವ ಜಾಗ?"

"ನಾ ಸುಮ್ಮನಿದ್ನೆಲ್ಲ!"

"ಓ, ಅದಾ. ನೀವು ಪದ ಮರ್ತು ನಿಲ್ಲಿಸ್ತಿದೀರ ಅನ್ಕೊಂಡೆ. ಖಾಲಿ ಇತ್ತಲ್ಲಜ್ಜಿ, ಕಟ್ ಮಾಡಿ ಜೋಡಿಸ್ಬಿಟ್ಟೆ. ನೀಟಾಗಿ ಬಂತು."

"ಖಾಲಿ ಇರಲಿಲ್ಲ ನಮ್ಮವ್ವ. ಅದರಾಗ ಗೌರಿ ಇದ್ಲು."

ಆಗ ಎಲ್ಲ ಹೇಳಬೇಕಾಯಿತು. ಕಟ್ಟಳೆ, ಮದುವೆಮನೆ, ಜರಡಿಯ ಮಾತು, ಆಪರೇಷನ್ನು. ಹುಡುಗಿ ಬೆರಳು ಬಾಯಿಗಿಟ್ಟುಕೊಂಡು ಕೇಳಿದಳು. ನಾನು ಮದುವೆಮನೆಯಲ್ಲಿ ಅಂದದ್ದನ್ನು ಹೇಳಿದಾಗ, "ಅಯ್ಯೋ ಅಜ್ಜಿ, ಹಂಗಂದ್ರಾ?" ಎಂ‌ದಳು. ಅಷ್ಟೇ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಕೇಳಿಸಿತು.

"ಹಳೇದು ಇನ್ನೂ ಇದೆ, ಅಳ್ಸಿಲ್ಲ," ಎಂದಳು ಸೌಮ್ಯಾ. "ಆ ಜಾಗ ಎಲ್ಲ ಈಗ್ಲೇ ವಾಪಸ್ ತರ್ತೀನಿ."

ತಾ ಎನ್ನಲು ಬಾಯಿ ತೆರೆದವಳಿಗೆ ಇನ್ನೊಂದು ಹೊಳೆಯಿತು. ಜಾಗ ಬಿಟ್ಟು ಕಳಿಸಿದರೂ ಎತ್ತಿದವಳು ನಾನೇ ಆಗುತ್ತೇನೆ. ಗೌರಿ ನಲವತ್ತು ವರ್ಷ ನನ್ನ ಬಾಲ ಹಿಡಿದು ಬಂದಳು, ಗಂಟಲು ಹೋಗುವ ಕಾಲಕ್ಕೂ ಬಾಲವನ್ನೇ ಹಿಡಿಯಬೇಕೇ?

"ಬ್ಯಾಡ," ಎಂದೆ. "ಈ ಸಲ ಅಕಿ ಎತ್ತಲಿ. ನಾ ಹಿಡೀತೀನಿ."

ಮತ್ತೆ ಕೌದಿ, ಮತ್ತೆ ಬೆವರು. ಈ ಸಲ ಮೊದಲಿಗೆ, "ಗೌರೀ, ನೀ ಎತ್ತ," ಎಂದಷ್ಟೇ ಹೇಳಿ, ಮೂರು ಸಾಲಿನಷ್ಟು ಹೊತ್ತು ಬಾಯಿ ಮುಚ್ಚಿ ಕೂತು, ಬರೀ ಕೊನೆಯ ಸಾಲು ಹಾಡಿದೆ. ಹೀಗೆ ನಾಲ್ಕು ಸಲ, ಅವೇ ನಾಲ್ಕು ಹಾಡಿಗೆ. ಅಷ್ಟು ಹೊತ್ತು ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಸೌಮ್ಯಾ ಒಂದು ಕೂದಲೆಳೆಯಷ್ಟೂ ಕತ್ತರಿಸದೆ ಕಳಿಸಿದಳು.

ಗಣಪತಿ ಹೋದ, ಪಿತೃಪಕ್ಷ ಮುಗಿಯಿತು, ಉತ್ತರವಿಲ್ಲ. ನವರಾತ್ರಿ ಬಂದಿತು. ಇಲ್ಲಿ ನವರಾತ್ರಿ ಎಂದರೆ ಗರಬಾ, ಊರಿಗೆ ಊರೇ ಕುಣಿಯುತ್ತದೆ. ಸೌಮ್ಯಾ ಕನ್ನಡಿ ಹಚ್ಚಿದ ಲಂಗ ಗಂಟು ಕಟ್ಟಿಕೊಂಡು ಗೆಳತಿಯ ಮನೆಗೆ, ಅಹಮದಾಬಾದಿಗೆ ಹೋದಳು. ಗೌರಿಯ ಆಪರೇಷನ್ನಿಗೆ ಒಂದೇ ದಿನ ಉಳಿದಿತ್ತು. ಮಧ್ಯಾಹ್ನ ಊಟ ಮಾಡುತ್ತಿದ್ದೇವೆ, ಮಲ್ಲುವಿನ ಫೋನಿಗೆ ಸೌಮ್ಯಾಳ ಫೋನು ಬಂತು, ಕೂಗುತ್ತಿದ್ದಳು: "ಅಜ್ಜೀ, ಹಸಿರು ಪಟ್ಟಿ ಬಂದಿದೆ! ಸೂರತ್ತಿಂದ! ಪೇಜ್ ತೆಗೀರಿ!"

ಮಲ್ಲು ಎಂಜಲು ಕೈ ತೊಳೆದು ತನ್ನ ಕಂಪ್ಯೂಟರು ತೆರೆದ. "ಗೌರೀ, ನೀ ಎತ್ತ," ಎನ್ನುತ್ತದೆ ನನ್ನ ದನಿ. ಆಮೇಲೆ ಗೌರಿ. ದನಿ ಅಲ್ಲ ಅದು, ಒಣ ಎಲೆಯ ಮೇಲೆ ನಡೆದ ಸದ್ದು. ಆದರೆ ಸುರ ಎಲ್ಲಿರಬೇಕೋ ಅಲ್ಲೇ ಇತ್ತು. ಕೂಡಿ ಬೀಸಿದ ಹಿಟ್ಟು ಎಂದು ಎತ್ತಿದಳು, ಕಲ್ಲು ಭಾರ ಎಂದು ನಾನು ಹಿಡಿದೆ. ಎರಡನೆಯದೂ ಹಾಗೆ ಕೂಡಿತು. ಮೂರನೆಯದು ನಮ್ಮ ಎಮ್ಮೆಯ ಹಾಡು, ನಮ್ಮತ್ತೆಯ ಕಾಲದ್ದು. ಗೌರಿ ಅದನ್ನು ಎತ್ತಲಿಲ್ಲ. ಎಂದೂ ಕೇಳದ್ದನ್ನು ಎತ್ತಿದಳು:

ಹರಿದ ಜರಡಿ ಅಂದಿ ನೆರೆದ ಮಂದಿಯ ಮುಂದ
ಹರಿದದ್ದು ಜರಡಿ ಅಲ್ಲೇಳ | ನೆಗೆಣ್ಣಿ
ಹರಿದದ್ದು ಅಕ್ಕನ ನಾಲಿಗಿ

ಅದರ ಬೆನ್ನಿಗೆ ನನ್ನ ದನಿ, ಮೊದಲೇ ಹಾಡಿಟ್ಟದ್ದು, ಗಟ್ಟಿಯಾಗಿ ಉತ್ತರ ಕೊಟ್ಟಿತು: "ಎಮ್ಮಿಯ ಹಾಲು ಕೆನಿಗಟ್ಟಿ."

ಮಲ್ಲು ಫಕ್ಕನೆ ನಕ್ಕ. ನನ್ನ ಮೋರೆ ನೋಡಿ ನಿಲ್ಲಿಸಿದ. ನಾಲ್ಕನೆಯ ಜಾಗದಲ್ಲಿ ಕೆಮ್ಮು, ಆಮೇಲೆ ಗೌರಿಯ ಮಾತು, ಹಾಡಲ್ಲ: "ಸಾಕಾತ ಯಕ್ಕಾ. ನಾಲ್ಕನೇದು ಎದುರಾ ಬದುರಾ ಕುಂತಾಗ." ಎರಡು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಮೂರನೇದು ತಪ್ಪಾಗಿ ಹಾಡಿದ್ರಾ ಅಜ್ಜಿ?" ಎಂದಳು ಸೌಮ್ಯಾ ಫೋನಿನಲ್ಲಿ.

"ಇಲ್ಲ. ಅಕಿ ಸರಿ ಹಾಡ್ಯಾಳ. ನಾ ಕೇಳದ ಉತ್ತರಾ ಕೊಟ್ಟೀನಿ."

ಹೊಸದಾಗಿ ಹಿಡಿಯಬೇಕು, ಅವಳು ಆಸ್ಪತ್ರೆಗೆ ಹೋಗುವ ಮೊದಲು. ಹಿಡಿಯುವವಳು ಒಂದಕ್ಷರ ಬದಲಿಸುವ ಹಾಗಿಲ್ಲ. ಗೌರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕಟ್ಟಿದ್ದಳು, ಕಳ್ಳಿ. ಮೈದಾನದಲ್ಲಿ ಗರಬಾದವರು ಆಗಲೇ ಮೈಕು ಪರೀಕ್ಷೆ ಮಾಡುತ್ತಿದ್ದರು. ಕಿಟಕಿ ಮುಚ್ಚಿಸಿ, ಕೌದಿಯನ್ನು ನನ್ನ ಮೇಲೂ ಕಂಪ್ಯೂಟರಿನ ಮೇಲೂ ಹೊದಿಸಿಕೊಂಡೆ. ಮಲ್ಲುವನ್ನು ಹೊರಗೆ ಕಳಿಸಿದೆ. ಅವನ ಮುಂದೆ ಆಗುವ ಹಾಗಿರಲಿಲ್ಲ.

"ಕೆಂಪು ಚುಕ್ಕಿ ಒತ್ತಿ ಅಜ್ಜಿ," ಎಂದಳು ಅಹಮದಾಬಾದಿನಿಂದ ಸೌಮ್ಯಾ.

ಒತ್ತಿದೆ. ಬಾಯಿ ತೆರೆದೆ. ಸೆರಗಿನಿಂದ ಮೋರೆ ಒರೆಸಿಕೊಂಡೆ. ಇನ್ನೊಮ್ಮೆ ಒತ್ತಿದೆ. ಕೆಮ್ಮಿದೆ.

"ಪಟ್ಟಿ ಬರ್ತಾ ಇದೆ ಅಜ್ಜಿ, ನನಗಿಲ್ಲಿ ಕಾಣ್ತಿದೆ. ಆದ್ರೆ ಸದ್ದೇ ಇಲ್ಲ."

"ತಡಿ ಸ್ವಲ್ಪ. ಕತ್ತರಿ ಹಾಕಬ್ಯಾಡ."

ಮೂರನೆಯ ಸಲಕ್ಕೆ ಹಾಡಿದೆ. ಹರಿದದ್ದು ಅಕ್ಕನ ನಾಲಿಗಿ. ಒಂದೇ ಸಲ, ಪೂರ್ತಿ, ಅಕ್ಷರ ಬದಲಿಸದೆ.

ಸಂಜೆ ಶೈಲಾ ಫೋನು ಮಾಡಿದಳು. ಗೌರಿ ಮೂರು ಸಲ ಹಚ್ಚಿಸಿಕೊಂಡು ಕೇಳಿದಳಂತೆ. ಏನಂದಳು ಎಂದು ಕೇಳಿದೆ. "'ಸುರ ಇಳದೈತಿ, ನೆಗಡಿ ಆಗೇತೇನು ಕೇಳ' ಅಂದ್ರ್ರಿ," ಎಂದಳು ಶೈಲಾ. ಹಿಂದೆ ಯಾರೋ ನಗುವುದು ಕೇಳಿಸಿತು, ಒಣ ಎಲೆಯಂಥ ನಗು.

ಮರುದಿನ ಅವಳ ದನಿ ಹೋಯಿತು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ.

ದೀಪಾವಳಿ ಆದ ಮೇಲೆ ಸೂರತ್ತಿಗೆ ಹೋದೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನೋಡಿದವಳೇ ಕೆಳಗಿಳಿದು ನೆಲಕ್ಕೆ ಕೂತು, ಎದುರಿನ ಜಾಗವನ್ನು ಅಂಗೈಯಿಂದ ಬಡಿದು ತೋರಿಸಿದಳು. ಕೂತೆ. ಬಲಗೈಯನ್ನು ಕಲ್ಲು ತಿರುಗಿಸಿದ ಹಾಗೆ ತಿರುಗಿಸಲು ಹತ್ತಿದಳು. ನಾನೂ ತಿರುಗಿಸಿದೆ. ಅವಳ ತುಟಿ ಆಡಿತು. ನಾಲ್ಕನೆಯದನ್ನು ಎತ್ತುತ್ತಿದ್ದಳು. ಗಾಳಿಯಷ್ಟೇ ಬರುತ್ತಿತ್ತು.

ಮೂರು ಸಾಲು ಮುಗಿಸಿ ನಿಂತಳು. ಹುಬ್ಬು ಏರಿಸಿ ನನ್ನನ್ನು ನೋಡಿದಳು. ನಾನು ಹಿಡಿಯಬೇಕು.

ನಮ್ಮ ನಾಲ್ಕನೆಯ ಹಾಡಿನ ಕೊನೆಯ ಸಾಲು ಹೇಳಿದೆ. ತಲೆ ಅಲ್ಲಾಡಿಸಿದಳು, ಅದಲ್ಲ. ಇನ್ನೊಂದು ಹೇಳಿದೆ, ಅದೂ ಅಲ್ಲ. ಹೊಸದನ್ನು ಕಟ್ಟಿದ್ದಳು. ಶೈಲಾ ವಹಿ ಪೆನ್ನು ತಂದು, "ಬರದು ತೋರ್ಸ್ರಿ ಅತ್ತಿ," ಎಂದಳು. ನನಗಾದರೂ ಎರಡನೇ ಇಯತ್ತೆ ಆಗಿದೆ, ಗೌರಿಗೆ ಅದೂ ಇಲ್ಲ. ಪೆನ್ನನ್ನು ಸರಿಸಿ, ನಿಧಾನವಾಗಿ ಮತ್ತೊಮ್ಮೆ ಎತ್ತಿದಳು. ತುಟಿಯನ್ನೇ ನೋಡಿದೆ. ಎರಡನೆಯ ಸಾಲಿನ ತುದಿಗೆ "ಯಕ್ಕಾ" ಎಂದದ್ದು ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ನಾಲ್ಕಾರು ಸಲ ಎತ್ತಿ ಸಾಕಾಗಿ, ನನ್ನ ಮೊಣಕಾಲಿಗೆ ಒಂದು ಏಟು ಹಾಕಿ ನಕ್ಕಳು. ಚಹಾ ಬಂತು, ಕುಡಿದೆವು.

ಮುಂದಿನ ಬೇಸಿಗೆಯಲ್ಲಿ ಸತ್ತಳು.

ಪುಟ ಇನ್ನೂ ಇದೆ. ಕೇಳಬೇಕೆಂದಾಗ ಮಲ್ಲು ತೆರೆದು ಕೊಡುತ್ತಾನೆ, ಆದರೆ ನನಗೆ ಅದರ ಅಗತ್ಯ ಅಷ್ಟಿಲ್ಲ. ಕಾಳು ಹಸನು ಮಾಡುವಾಗ, ಸೊಪ್ಪು ಸೋಸುವಾಗ, ಅವಳ ಆ ನಾಲ್ಕನೆಯ ಹಾಡಿಗೆ ಒಂದೊಂದು ಸಾಲು ಹಚ್ಚಿ ನೋಡುತ್ತೇನೆ. ಬೈಗುಳದ್ದು, ತವರಿನದು, ಹೊಲದ್ದು. ಅವಳ ತುಟಿ ಆಡಿದ ಹಾಗೆ ನನ್ನ ತುಟಿ ಆಡಿಸುತ್ತೇನೆ. ಯಕ್ಕಾ ಎನ್ನುವವರೆಗೂ ಹೇಗೋ ಬರುತ್ತದೆ. ಹಿಡಿಯಬೇಕಾದ ಸಾಲು ಅದರ ಮುಂದಿನದು.